ಹನ್ನೊಂದು ಮನೆ, ಒಂದೇ ಹೆಸರು

ಕಂತು ಏಳು

ಹಾರೆಯ ಸದ್ದು ಬದಲಾಯಿತು. ಅಲ್ಲಿಯವರೆಗೆ ರಸ್ತೆಗೆ ಹಾಸಿದ ಮುರುಮ್ ಗರಸು ಕಣಕಣ ಎನ್ನುತ್ತಿತ್ತು. ಈಗ ಕೆಳಗಿನ ಎರೆಮಣ್ಣು ಸಿಕ್ಕಿ ಹಾರೆ ಮೆತ್ತಗೆ ಇಳಿಯಿತು.

"ಸಾಕ್ರಿ ದೇವೀಂದ್ರಪ್ಪ. ಇನ್ನ ಕೈಲೆ ತೆಗೀರಿ," ಎಂದೆ.

ದೇವೀಂದ್ರಪ್ಪ ಹಾರೆ ಬದಿಗಿಟ್ಟು ಕುಕ್ಕರುಗಾಲಲ್ಲಿ ಕೂತ. ಕಾಣೆಯಾದ ಅಂಬಾರಾಯನ ಪಕ್ಕದ ಮನೆಯವನು ಇವನು. ಕಾಗಿಣಾ ಹೊಳೆ ದಂಡೆಯ ಹಳೆಯ ಮೀನುಗಾರ ಮನೆತನ. ಬಲೆ ಬಿಟ್ಟು ಈಗ ಲಾರಿಗೆ ಸಿಮೆಂಟ್ ಚೀಲ ಏರಿಸುತ್ತಾನೆ. ಅಂಬಾರಾಯನನ್ನು ಹುಡುಕಲು ನಾನು ಸೇಡಂ ಪಕ್ಕದ ಈ ಯಳಗೇರಾಕ್ಕೆ ಬಂದ ದಿನದಿಂದ ನನ್ನ ಬೆನ್ನಿಗೇ ಇದ್ದಾನೆ. ನನ್ನ ಚಹಾ, ನನ್ನ ನೀರು, ನನ್ನ ನೆರಳು ಎಲ್ಲವೂ ಅವನ ಜಿಮ್ಮೆ. ಅಂಬಾರಾಯ ಹೈದರಾಬಾದ್ ಬಸ್ಸು ಹತ್ತಿದ್ದನ್ನು ಕಣ್ಣಾರೆ ಕಂಡೆ ಎಂದು ಮೊದಲು ಹೇಳಿದವನೂ ಅವನೇ.

ಅಂಬಾರಾಯ ಹೋಗಿ ತಿಂಗಳ ಮೇಲಾಯಿತು. ಸೋಮವಾರ ಅವನು ತಹಶೀಲ್ದಾರರ ಮುಂದೆ ನಿಂತು ಮನೆಗಳನ್ನು ಸಕ್ರಮ ಮಾಡುವ ಅರ್ಜಿಗೆ ಸಹಿ ಹಾಕದಿದ್ದರೆ ಇಲ್ಲಿನ ಹನ್ನೊಂದೂ ಮನೆಗಳ ಮೇಲೆ ಜೆಸಿಬಿ ಬರುತ್ತದೆ.

ಅವನೊಬ್ಬನ ಸಹಿಯೇ ಏಕೆ ಬೇಕು ಎಂದು ಕೇಳಿದರೆ ನನಗೆ ಸಿಟ್ಟು ಬರುತ್ತದೆ, ಆದರೂ ಹೇಳುತ್ತೇನೆ. ಊರ ಗಾಂವಠಾಣದ, ಅಂದರೆ ಮನೆ ಕಟ್ಟಲು ಬಿಟ್ಟ ಜಾಗದ, ಹೊರಗೆ ಹೊಲದಲ್ಲಿ ಐದು ಗುಂಟೆಗಿಂತ ಕಡಿಮೆ ಜಾಗವನ್ನು ಬೇರೆ ಮಾಡಿ ನೋಂದಣಿ ಮಾಡಿಕೊಡುವುದಿಲ್ಲ. ಐದು ಗುಂಟೆ ಕೊಳ್ಳುವ ತಾಕತ್ತು ಚೀಲ ಹೊರುವವನಿಗೆ ಎಲ್ಲಿಂದ ಬರಬೇಕು? ಗಾಂವಠಾಣದ ಒಳಗೆ ಅವರಿಗೆ ಯಾರೂ ಜಾಗ ಕೊಡಲಿಲ್ಲ. ಹಾಗಾಗಿ ಹನ್ನೊಂದು ಮನೆಯವರು ಸೇರಿ ಒಂದೆಕರೆ ಹೊಲ ಹಿಡಿದರು. ಕಾಗದದಲ್ಲಿ ಇಡೀ ಎಕರೆಯನ್ನು ಅಂಬಾರಾಯನೊಬ್ಬನ ಹೆಸರಿಗೆ ಬರೆಸಿದರು. ಅಂಬಾರಾಯ ಕುಡಿಯುವುದಿಲ್ಲ, ಸುಳ್ಳು ಹೇಳುವುದಿಲ್ಲ. ಆ ಜನಕ್ಕೆ ಅದಕ್ಕಿಂತ ದೊಡ್ಡ ದಾಖಲೆ ಬೇಕಿರಲಿಲ್ಲ.

ಆಮೇಲೆ ನೆಲವನ್ನು ತಾವೇ ಹಂಚಿಕೊಂಡರು, ಮನೆಗೆ ಮೂರು ಗುಂಟೆಯ ಹಾಗೆ, ಉಳಿದದ್ದು ಓಣಿಗೆ. ಮೂಲೆಗೊಂದು ಒಡಕು ಪರಸಿ ಕಲ್ಲು, ನೆಲಕ್ಕೆ ಹಾಸುವ ಚಪ್ಪಡಿಯ ತುಂಡು, ನಿಲ್ಲಿಸಿ, ಕಲ್ಲಿನ ಕೆಳಗೆ ಒಂದು ಬೊಗಸೆ ಇದ್ದಿಲು, ಒಂದು ಹಿಡಿ ಕಲ್ಲುಪ್ಪು ಹಾಕಿದರು. ಇದ್ದಿಲು ಎಷ್ಟು ವರ್ಷವಾದರೂ ಮಣ್ಣಾಗುವುದಿಲ್ಲ. ಕಲ್ಲು ಯಾರಾದರೂ ಕಿತ್ತರೂ ಜಾಗ ಗೊತ್ತಾಗುತ್ತದೆ. ಅದರ ಜೊತೆಗೆ ಕಲ್ಲು ಯಾರದೋ ಆ ಮನೆಯವರು ತಮ್ಮದೊಂದು ಗುರುತು ಇಟ್ಟರು. ದೇವೀಂದ್ರಪ್ಪನದು ಬಲೆಗೆ ಕಟ್ಟುವ ಸೀಸದ ಗುಂಡು. ಹೊಲಿಗೆಯ ಮಜೀದಸಾಬರದು ಮಿಷಿನ್ನಿನ ಬಾಬಿನ್ನು. ಅಂಬಾರಾಯನ ಹೆಂಡತಿ ಮಾಣಿಕಮ್ಮ ತನ್ನ ಕೈಯ ಹಸಿರು ಬಳೆ ಒಡೆದು ಹಾಕಿದಳು.

ಕಲ್ಲಿನ ಕೆಳಗೆ ಗುರುತು ಬಿದ್ದಿತೆಂದರೆ ಮಾತು ಕೊಟ್ಟ ಹಾಗೆ. ಆ ಕಲ್ಲನ್ನು ಮನೆಯವರ ಅಪ್ಪಣೆ ಇಲ್ಲದೆ ಇನ್ನೊಬ್ಬರು ಎಬ್ಬಿಸುವಂತಿಲ್ಲ, ಆ ಮಾತನ್ನು ಹೊರಗೆ ಆಡುವಂತಿಲ್ಲ. ಇವತ್ತು ನಾವು ಅಗೆಯುತ್ತಿದ್ದುದು ಮಾಣಿಕಮ್ಮನ ಅಪ್ಪಣೆ ಪಡೆದು.

"ಸಾಹೇಬ್ರ," ಎಂದ ದೇವೀಂದ್ರಪ್ಪ.

ಅವನ ಅಂಗೈ ಕಪ್ಪಾಗಿತ್ತು. ಇದ್ದಿಲು. ಅದರ ನಡುವೆ ಹಸಿರು ಗಾಜಿನ ಎರಡು ಚೂರು.

ಮಾಣಿಕಮ್ಮ ಬಾಗಿಲಲ್ಲೇ ನಿಂತಿದ್ದಳು. ಓಡಿ ಬಂದು ಅವನ ಅಂಗೈಯಿಂದ ಚೂರು ತೆಗೆದು ಸೆರಗಿನಿಂದ ಒರೆಸಿ, ಕೈಯಲ್ಲಿದ್ದ ಬಳೆಯ ಪಕ್ಕಕ್ಕೆ ಹಿಡಿದು ನೋಡಿದಳು. ಅದೇ ಹಸಿರು.

"ಇದು ನಂದ ಅದರಿ ಅಣ್ಣೋರೆ. ನಾನೇ ಹಾಕೀನಿ. ನಮ್ಮ ಜಾಗ ಇಲ್ಲೀತನಕ ಇತ್ತು."

ಇಲ್ಲಿ ಎಂದರೆ ಪಕ್ಕದ ಹೊಲದಲ್ಲಿ ಸಾವುಕಾರ ಮಡಿವಾಳಯ್ಯ ಹಾಕಿದ ಹೊಸ ಲೇಔಟಿನ ರಸ್ತೆಯ ಮೈಮೇಲೆ. ಅಂಬಾರಾಯನ ಕಲ್ಲು ಈಗ ನಿಂತಿರುವುದು ಇಲ್ಲಿಂದ ಹದಿನೈದು ಫೂಟು ಒಳಗೆ.

ನಾನು ಹೋಗಿ ಅಂಬಾರಾಯನ ಇನ್ನೊಂದು ಕಲ್ಲನ್ನು, ಅವನಿಗೂ ದೇವೀಂದ್ರಪ್ಪನಿಗೂ ನಡುವಿನದನ್ನು, ಎಬ್ಬಿಸಿದೆ. ಅದು ದೇವೀಂದ್ರಪ್ಪನ ಅಂಗಳದೊಳಕ್ಕೆ ಅಷ್ಟೇ ದೂರ ನುಗ್ಗಿ ನಿಂತಿತ್ತು. ಕೆಳಗೆ ಬರೀ ಮಣ್ಣು. ಇದ್ದಿಲಿಲ್ಲ, ಉಪ್ಪಿಲ್ಲ, ಬಳೆ ಇಲ್ಲ.

"ನೋಡ್ರಿ," ಎಂದೆ. "ಈ ಕಲ್ಲ ನಿಮ್ಮವರು ಯಾರೂ ಸರಿಸಿಲ್ಲ. ನಿಮ್ಮವರಾಗಿದ್ರ ಇದ್ದಲಿ ಸೈತ ಎತ್ತಿ ಇಡ್ತಿದ್ರು. ಕೆಳಗ ಏನದ ಅಂತ ಗೊತ್ತಿಲ್ಲದವರು ಸರಿಸ್ಯಾರ. ಅಂಬಾರಾಯ ಅಲ್ಲ."

ಈ ಮಾತಿಗೆ ಯಾಕಿಷ್ಟು ಬೆಲೆ ಎಂದರೆ, ಕಾಲನಿಯ ಉಳಿದ ಹತ್ತೂ ಮನೆಯವರು ಅಂಬಾರಾಯನನ್ನೇ ಕಳ್ಳ ಎಂದುಕೊಂಡಿದ್ದರು. ಅವನು ಕಾಣೆಯಾಗುವ ಹಿಂದಿನ ರಾತ್ರಿ ಅಕಾಲದ ಮಳೆ ಸುರಿಯಿತು. ಬೆಳಗಾಗುವಷ್ಟರಲ್ಲಿ ರಸ್ತೆ ಅಗಲವಾಗಿತ್ತು, ಅಂಬಾರಾಯನ ಜಾಗ ಮಾತ್ರ ಇದ್ದಷ್ಟೇ ಇತ್ತು, ದೇವೀಂದ್ರಪ್ಪನ ಅಂಗಳ ಸಣ್ಣದಾಗಿತ್ತು. ತನ್ನ ಅಂಚನ್ನು ಮಡಿವಾಳಯ್ಯನಿಗೆ ಮಾರಿಕೊಂಡು ನೆರೆಯವನದನ್ನು ನುಂಗಿದ ಎಂದು ಎಲ್ಲರೂ ತೀರ್ಮಾನಿಸಿದರು. ಕಲ್ಲು ಎಬ್ಬಿಸಿ ಒಂದು ಸಲ ಕೆಳಗೆ ನೋಡಿದ್ದರೆ ಸಾಕಿತ್ತು. ಆದರೆ ಬೇರೆಯವರ ಕಲ್ಲು ಎಬ್ಬಿಸಬಾರದಲ್ಲ. ಆ ಮಾತನ್ನು ಮಾತ್ರ ಅಚ್ಚುಕಟ್ಟಾಗಿ ಪಾಲಿಸಿದರು.

"ನಾ ಹೇಳಿದ್ದಿಲ್ಲೇನ್ರಿ ಅಣ್ಣಾ," ಎಂದಳು ಮಾಣಿಕಮ್ಮ ದೇವೀಂದ್ರಪ್ಪನ ಕಡೆ ತಿರುಗಿ. ಅವಳ ಧ್ವನಿಯಲ್ಲಿ ಜಗಳವಿರಲಿಲ್ಲ. "ನಿಮ್ಮ ಅಂಗಳದ ಮಣ್ಣ ಸೈತ ಅವ್ರಿಗೆ ಬೇಕಾಗಿದ್ದಿಲ್ಲ."

ದೇವೀಂದ್ರಪ್ಪ ತಗ್ಗಿನ ಪಕ್ಕ ನೆಲಕ್ಕೆ ಕೂತೇಬಿಟ್ಟ. ಕಪ್ಪಾದ ಕೈಯನ್ನು ಲುಂಗಿಗೆ ಒರೆಸುತ್ತಲೇ ಇದ್ದ, ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತಿದ್ದ. ಬಿಸಿಲು ತಲೆಗೆ ಹತ್ತಿತೇನೋ ಎಂದು ನಾನು ನೀರಿನ ಬಾಟಲಿ ಕೊಟ್ಟೆ. ನನ್ನ ಬುದ್ಧಿಗೆ ಅಷ್ಟೇ ಹೊಳೆದದ್ದು.

"ನೀವು ಸಾವ್ಕಾರ್ರಿಗೆ ಕೇಳಿ ಬರ್ರಿ," ಎಂದಳು ಮಾಣಿಕಮ್ಮ. "ನಾ ಅಷ್ಟ್ರಾಗ ಚಹಾ ಮಾಡ್ತೀನಿ. ಇವತ್ತ ನಮ್ಮನಿ ಚಹಾ ಎಲ್ಲಾರಿಗೂ."

ಒಂದು ತಿಂಗಳಲ್ಲಿ ಆಕೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನೋಡಿ ನನಗೆ ಹಿತವಾಗಲಿಲ್ಲ. ಬಳೆಯ ಚೂರು ಸಿಕ್ಕಿದೆ, ಗಂಡ ಸಿಕ್ಕಿಲ್ಲ. ಚಿಂಚೋಳಿ ಕಡೆ ಚಂದ್ರಂಪಳ್ಳಿ ಕೆರೆಯ ದಂಡೆಯಲ್ಲಿ ಕಂಡೆವು ಎಂದವರ ಮಾತು ನಂಬಿ ಅಲ್ಲಿಗೂ ಹೋಗಿ ಬಂದಿದ್ದೆ. ವಾಡಿ ಸ್ಟೇಷನ್ನಿನಲ್ಲಿ ಅವನ ಫೋಟೋ ಹಿಡಿದು ಅಲೆದಿದ್ದೆ. ಎಲ್ಲಿಯೂ ಒಂದು ಎಳೆ ಸಿಕ್ಕಿರಲಿಲ್ಲ.

*

ಮಡಿವಾಳಯ್ಯನ ಆಫೀಸು ಲೇಔಟಿನ ಬಾಗಿಲಲ್ಲಿರುವ ಒಂದು ತಗಡಿನ ಶೆಡ್ಡು. ಒಳಗೆ ಕೂಲರ್, ಗೋಡೆಯ ಮೇಲೆ ಬಣ್ಣಬಣ್ಣದ ನಕ್ಷೆ. ಸಾವುಕಾರ ಬನಿಯನ್ನಿನ ಮೇಲೆ ಟವೆಲ್ ಹಾಕಿಕೊಂಡು ಮಜ್ಜಿಗೆ ಕುಡಿಯುತ್ತಿದ್ದ. ದೇವೀಂದ್ರಪ್ಪ ಒಳಗೆ ಬರಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತ.

"ಬರ್ರಿ ದೇವಾನಂದ, ಕುಂದ್ರಿ," ಎಂದ ಸಾವುಕಾರ ನನಗೆ. "ಶಹಾಬಾದಿಂದ ದಿನಾ ಬಂದು ಹೋಗೋದಂದ್ರ ಪೆಟ್ರೋಲ್ ಭಾಳ ಆಗ್ತದ. ಮದುವಿ ಗಂಡುಗಳ ವಿಚಾರಣಿ ಬಿಟ್ಟು ಇದಕ್ಯಾಕ ಬಂದ್ರಿ?"

ಅವನು ಹೇಳಿದ್ದು ಸುಳ್ಳಲ್ಲ. ಚಿತ್ತಾಪುರದ ಹುಡುಗ ಕುಡಿಯುತ್ತಾನೋ, ವಾಡಿಯ ಹುಡುಗನಿಗೆ ಮೊದಲೇ ಒಂದು ಸಂಸಾರವಿದೆಯೋ ಎಂದು ಹೆಣ್ಣಿನ ಕಡೆಯವರಿಗೆ ಪತ್ತೆ ಮಾಡಿ ಹೇಳುವುದೇ ನನ್ನ ಹೊಟ್ಟೆಪಾಡು. ಲಾಠಿ ಇಲ್ಲ, ಸಮವಸ್ತ್ರ ಇಲ್ಲ. ಇರುವುದು ಖಾಸಗಿ ಪತ್ತೇದಾರ ಎಂದು ಬರೆಸಿದ ಒಂದು ಬೋರ್ಡು ಮಾತ್ರ.

"ನಿಮ್ಮ ರಸ್ತಾದ ಕೆಳಗ ಅಂಬಾರಾಯನ ಇದ್ದಲಿ ಸಿಕ್ಕದ ಸಾವ್ಕಾರ್ರೆ. ಕಲ್ಲ ನೀವ ಸರಿಸೀರಿ."

"ಹೌದು, ನಮ್ಮ ಮಂದಿ ಸರಿಸ್ಯಾರ. ನಾನೇ ಹೇಳೀನಿ."

ಅವನು ನಿರಾಕರಿಸುತ್ತಾನೆ, ನಾನು ಒಂದೊಂದಾಗಿ ಬಿಚ್ಚುತ್ತೇನೆ ಎಂದುಕೊಂಡು ಬಂದಿದ್ದೆ. ಹೂಂ ಅಂದುಬಿಟ್ಟರೆ ಏನು ಮಾಡಬೇಕೆಂದು ಯೋಚಿಸಿರಲಿಲ್ಲ.

"ಏನ್ ಕೇಸ್ ಹಾಕ್ತೀರಿ?" ಎಂದ ಅವನೇ ಮುಂದುವರಿದು. "ಸರ್ಕಾರದ ನಕ್ಷಾದಾಗ ಆ ಒಂದೆಕ್ರಿ ಒಂದೇ ತುಂಡ. ಒಳಗ ಹನ್ನೊಂದು ಪ್ಲಾಟ್ ಇಲ್ಲ, ಗಡಿ ಇಲ್ಲ. ಗಡೀನ ಇಲ್ಲಂದ ಮ್ಯಾಲ ಗಡಿ ಕಲ್ಲ ಎಲ್ಲಿಂದ ಬಂತು? ಇಲ್ಲದ ಕಲ್ಲ ಸರಿಸಿದ್ರ ಯಾವ ಗುನ್ಹಾ?"

"ಹೊರಗಿನ ಅಂಚು ಖರೇ ಗಡಿ ಅದಲ್ರಿ. ಅದನ್ನ ದಾಟೀರಿ."

"ದಾಟೀನಿ. ಅದಕ್ಕ ಮಾಲಕ ಬಂದು ಅರ್ಜಿ ಕೊಡ್ಲಿ, ಸರ್ವೇದವರು ಬಂದು ಅಳೀಲಿ, ನಾ ಬಿಟ್ಟುಕೊಡ್ತೀನಿ." ಮಜ್ಜಿಗೆಯ ಲೋಟ ಕೆಳಗಿಟ್ಟ. "ಮಾಲಕ ಎಲ್ಲಿದ್ದಾನ ದೇವಾನಂದ?"

ನನಗೆ ಮೈಯೆಲ್ಲ ಉರಿಯಿತು. ಉರಿದು ಏನು ಬಂತು? ಅವನು ಹೇಳಿದ್ದರಲ್ಲಿ ಒಂದು ಅಕ್ಷರ ತಪ್ಪಿರಲಿಲ್ಲ. ಮನೆ ಉಳಿಸಲಿಕ್ಕೆ ಅಂಬಾರಾಯ ಬೇಕು, ರಸ್ತೆ ಬಿಡಿಸಲಿಕ್ಕೆ ಅಂಬಾರಾಯ ಬೇಕು. ಆ ಬಡಪಾಯಿಯ ಹೆಗಲ ಮೇಲೆ ಇಡೀ ಕಾಲನಿಯನ್ನು ಕೂರಿಸಿದ್ದರು.

"ಎರಡನೇ ಕಲ್ಲ ಯಾಕ ಸರಿಸಿದ್ರಿ? ನಿಮಗ ಬೇಕಾಗಿದ್ದು ರಸ್ತಾ. ದೇವೀಂದ್ರಪ್ಪನ ಅಂಗಳ ನಿಮಗ್ಯಾಕ?"

ಮಡಿವಾಳಯ್ಯ ಮೊದಲ ಸಲ ಬಾಗಿಲ ಕಡೆ ನೋಡಿದ.

"ಅಗಲ ರಸ್ತಾ ಇಲ್ಲಂದ್ರ ಲೇಔಟಿಗೆ ಮಂಜೂರಿ ಇಲ್ಲ. ರಸ್ತಾ ಹಾಯೋದು ಅವರ ಅಂಚಿನ ಮ್ಯಾಲ. ಹತ್ತು ಮಂದಿ ಒಬ್ಬನ ಹಿಂದ ಗ್ವಾಡಿ ಆಗಿ ನಿಂತಿದ್ರು. ಅವರು ಹಂಗ ನಿಂತಿರೋತನಕ ನನ್ನ ಕೆಲಸ ಆಗ್ತಿದ್ದಿಲ್ಲ."

"ಅದಕ್ಕ ಅವ ನಿಮಗ ಮಾರ್ಯಾನ ಅಂತ ಊರಾಗ ಹಬ್ಬಿಸಿದ್ರಿ."

"ನಾ ಒಂದು ಮಾತೂ ಆಡಿಲ್ಲ. ಇವರ ಬಂದು ಕೇಳಿದ್ರು, ಅಂಬಾರಾಯ ನಿಮಗ ಜಾಗ ಕೊಟ್ಟಾನೇನ್ರಿ ಅಂತ. ನಾ ಸುಮ್ಮನ ಕುಂತೆ. ಸುಮ್ಮನ ಕುಂದ್ರೋದು ಗುನ್ಹಾ ಅಲ್ಲಲ್ಲ?"

ಬಾಗಿಲ ತಗಡು ಸದ್ದು ಮಾಡಿತು. ದೇವೀಂದ್ರಪ್ಪ ಚೌಕಟ್ಟನ್ನು ಹಿಡಿದುಕೊಂಡಿದ್ದ.

"ಮಳಿ ಆದ ಮರುದಿನ ಅಂಬಾರಾಯ ನಿಮ್ಮ ಹತ್ರ ಬಂದಿದ್ನೇನ್ರಿ?" ಎಂದು ನಾನು ಕೇಳಿದೆ.

"ಬಂದಿದ್ದ. ಕಲ್ಲ ತಿರುಗಿ ಇಡ್ರಿ ಅಂದ. ಇಡಂಗಿಲ್ಲ ಅಂದೆ. ನಮ್ಮ ಮಂದಿನ್ನ ಕರ್ಕೊಂಡು ಬರ್ತೀನಿ ಅಂತ ಹೋದ."

"ಬಸ್ ಸ್ಟ್ಯಾಂಡಿಗೆ?"

"ಯಾ ಬಸ್ ಸ್ಟ್ಯಾಂಡ್? ತನ್ನ ಮನಿ ಕಡೀಗೆ. ಈ ಪಾರ್ಕಿನಾಗ ಹಾಯ್ದು ಹೋದ. ಮುಂದ ನನಗ ಗೊತ್ತಿಲ್ಲ, ಗೊತ್ತಾಗೋದು ಬೇಕಾಗೂ ಇಲ್ಲ."

ಅವನು ಎದ್ದು ಕಿಟಕಿಯ ಹೊರಗೆ ಕೈ ತೋರಿಸಿದ. ತಂತಿಬೇಲಿಯ ನಡುವೆ ಖಾಲಿ ಜಾಗ, ನಾಲ್ಕು ಸೊರಗಿದ ಬೇವಿನ ಸಸಿ, ಉದ್ಯಾನವನ ಎಂದು ಬರೆದ ಫಲಕ.

"ನಾ ಕಾಯ್ದೆ ಮುರಿಯೋ ಮನುಷ್ಯಾ ಅಲ್ಲ. ಇಷ್ಟ ಪ್ಲಾಟಿಗೆ ಇಷ್ಟ ಖುಲ್ಲಾ ಜಾಗ ಬಿಡಬೇಕಂದ್ರು, ಬಿಟ್ಟೀನಿ. ಅಲ್ಲಿ ಇನ್ನ ಯಾವ ಕಾಲಕ್ಕೂ ಯಾರೂ ಪಾಯಾ ತೆಗೆಯಂಗಿಲ್ಲ. ನಾ ಸೈತ ತೆಗೆಯಂಗಿಲ್ಲ."

*

ಹೊರಗೆ ಬಂದಾಗ ದೇವೀಂದ್ರಪ್ಪ ಅಷ್ಟು ದೂರ ಮುಂದೆ ನಡೆಯುತ್ತಿದ್ದ. ಬಸ್ಸಿನ ಮಾತು ಕೇಳಬೇಕೆಂದು ನಾನು ಹಿಂದೆ ಬಿದ್ದೆ. ಕಾಲನಿಗೆ ಒಳದಾರಿ ಪಾರ್ಕಿನ ನಡುವೆಯೇ. ಜನ ದಿನಾ ಓಡಾಡಿ ಹುಲ್ಲು ಸವೆದು ಹಾದಿ ಬಿದ್ದಿದೆ.

ಆ ಹಾದಿಯಲ್ಲಿ ನಾನು ಎಷ್ಟು ಸಲ ಓಡಾಡಿದ್ದೇನೋ. ಇವತ್ತು ಮುಂದೆ ನಡೆಯುವವನ ಕಾಲನ್ನೇ ನೋಡುತ್ತಿದ್ದೆನಾದ್ದರಿಂದ ಕಣ್ಣಿಗೆ ಬಿತ್ತು. ಹಾದಿ ಬೇಲಿಯ ಸಂದಿನಿಂದ ನೇರ ಬರುತ್ತದೆ, ನಡುವೆ ಬಲಕ್ಕೆ ಡೊಂಕಾಗುತ್ತದೆ, ಮತ್ತೆ ನೇರವಾಗುತ್ತದೆ. ಅಲ್ಲಿ ಗಿಡವಿಲ್ಲ, ತಗ್ಗಿಲ್ಲ, ಸುತ್ತಿ ಹೋಗಬೇಕಾದ ಏನೂ ಇಲ್ಲ.

ದೇವೀಂದ್ರಪ್ಪನೂ ಅಲ್ಲಿ ಬಲಕ್ಕೆ ಸರಿದು ಸುತ್ತಿದ.

ನಾನು ನಿಂತೆ. ಡೊಂಕಿನ ಒಳಗೆ ಹುಲ್ಲಿನ ನಡುವೆ ಒಂದು ಒಡಕು ಪರಸಿ ಕಲ್ಲು ನೆಲದ ಸಮಕ್ಕೆ ಕೂತಿತ್ತು. ಲೇಔಟಿನ ಕಲ್ಲುಗಳೆಲ್ಲ ಕಾಂಕ್ರೀಟಿನವು, ಹಳದಿ ಬಣ್ಣ, ಮೇಲೆ ನಂಬರು. ಇದು ಕಾಲನಿಯವರ ಕಲ್ಲು. ಮಡಿವಾಳಯ್ಯನ ಪಾರ್ಕಿನಲ್ಲಿ ಕಾಲನಿಯವರ ಗಡಿ ಎಲ್ಲಿಂದ ಬಂತು?

"ದೇವೀಂದ್ರಪ್ಪ, ಇದು ಯಾರ ಕಲ್ಲು?"

ಅವನು ತಿರುಗಿದ. "ಬಿಡ್ರಿ ಸಾಹೇಬ್ರ. ಲೇಔಟಿನವ್ರದಿರಬೇಕು."

"ಅವರದಾದ್ರ ನೀವ್ಯಾಕ ಸುತ್ತಿ ಹಾಯ್ತೀರಿ?"

ನಾನು ಕೂತು ಕಲ್ಲಿನ ಅಂಚಿಗೆ ಬೆರಳು ಹಾಕಿದೆ. ಸಡಿಲವಾಗಿತ್ತು. ಅವನು ತಡೆಯಬಹುದಿತ್ತು, ನನಗಿಂತ ಗಟ್ಟಿ ಆಳು. ತಡೆಯಲಿಲ್ಲ.

ಕೆಳಗೆ ಇದ್ದಿಲು. ಅದರ ಮೇಲೆ ಕಲ್ಲುಪ್ಪು, ಇನ್ನೂ ಹರಳುಹರಳಾಗಿ. ಮಳೆ ಕಂಡ ಉಪ್ಪಾಗಿದ್ದರೆ ಕರಗಿ ಹೋಗಿರುತ್ತಿತ್ತು. ಇದನ್ನು ಇಟ್ಟದ್ದು ಆ ಮಳೆಯಾದ ಮೇಲೆ. ಉಪ್ಪಿನ ನಡುವೆ ಬೂದುಬಣ್ಣದ ಒಂದು ಗುಂಡು. ಎತ್ತಿದರೆ ಗಾತ್ರಕ್ಕಿಂತ ಹೆಚ್ಚು ಭಾರ.

ಬಲೆಗೆ ಕಟ್ಟುವ ಸೀಸ.

ಒಂದು ತಿಂಗಳು ನಾನು ಈ ಮನುಷ್ಯನ ಕೈಯಿಂದ ಚಹಾ ಕುಡಿದಿದ್ದೇನೆ. ನನಗೆ ಅವನು ಬೇಕಾದವನಾಗಿದ್ದ.

"ಗುರ್ತ ಇರ್ಲಿ ಅಂತ ಇಟ್ಟೀನ್ರಿ," ಎಂದ ದೇವೀಂದ್ರಪ್ಪ. ಧ್ವನಿ ಎಲ್ಲಿಂದಲೋ ಬರುತ್ತಿತ್ತು. "ಯಾವಾಗರೆ ಒಂದಿನ ಯಾರಿಗರೆ ಹೇಳಬೇಕಾದ್ರ ಜಾಗ ಸಿಗಬೇಕಲ್ರಿ."

"ಅಂಬಾರಾಯ?"

ಅವನು ತಲೆ ತಗ್ಗಿಸಿದ.

"ಅಂವಾ ಮಾರ್ಯಾನ ಅಂತ ತಿಳಿದಿದ್ವಿರಿ. ಇಲ್ಲೇ ತಡದು ಕೇಳಿದ್ವಿ. ನಾ ಮಾರಿಲ್ಲ, ಕಲ್ಲ ಎಬ್ಬಿಸಿ ನೋಡ್ರಿ ಅಂದ. ಕಲ್ಲ ಎಬ್ಬಿಸ್ರಿ ಅಂತಾನಲ್ಲ, ಎಷ್ಟ ಸೊಕ್ಕು ಅಂತ ಸಿಟ್ಟ ಬಂತ್ರಿ. ಸಾಯ್ಲಿ ಅಂತ ಯಾರೂ ಹೊಡದಿಲ್ಲರಿ." ಮುಖ ಒರೆಸಿಕೊಂಡ. ಕೈಗೆ ಹತ್ತಿದ್ದ ಇದ್ದಿಲು ಮುಖಕ್ಕೂ ಹತ್ತಿತು. "ಇವತ್ತ ಆ ಬಳಿ ಚೂರ ನನ್ನ ಕೈಯಾಗ ಬಂತಲ್ರಿ."

"ತಡದು ಕೇಳಿದ್ವಿ ಅಂತೀರಿ. ಯಾರ್ಯಾರು?"

ಅವನು ಕಲ್ಲಿನ ತಗ್ಗಿನ ಕಡೆ ಕೈ ತೋರಿಸಿದ. "ಇನ್ನ ಜರಾ ಕೆಳಗ ನೋಡ್ರಿ."

ನಾನು ಇದ್ದಿಲನ್ನು ಸರಿಸಿದೆ. ಮಜೀದಸಾಬರ ಬಾಬಿನ್ನು ಸಿಕ್ಕಿತು. ಎತ್ತಿನ ಕೊರಳ ಗೆಜ್ಜೆ ಸಿಕ್ಕಿತು. ಒಂದು ಬಾಗಿಲ ಚಿಲಕ, ಒಂದು ಕವಡೆ, ಕಾಲುಂಗುರದ ತುಂಡು. ಒಂದೊಂದು ಎತ್ತಿದಂತೆ ಒಂದೊಂದು ಮನೆಯ ಬಾಗಿಲು ಕಣ್ಣ ಮುಂದೆ ಬಂತು; ಆ ಎಲ್ಲ ಬಾಗಿಲಲ್ಲೂ ನನಗೆ ನೀರು ಕೊಟ್ಟಿದ್ದರು. ಕಾಲನಿಯ ಹತ್ತೂ ಮನೆಯ ಗುರುತು ಅಲ್ಲಿತ್ತು. ಇಲ್ಲದ್ದು ಹಸಿರು ಬಳೆ ಒಂದೇ.

ಇದನ್ನು ನಾನು ಠಾಣೆಗೆ ಹೇಳಿದರೆ ಹತ್ತು ಮನೆಯ ಗಂಡಸರು ಒಳಗೆ ಹೋಗುತ್ತಾರೆ. ಸಹಿ ಹಾಕುವವನು ಇನ್ನಿಲ್ಲ ಎಂದು ತಿಳಿದ ಮೇಲೆ ಸೋಮವಾರ ಯಾರೂ ನಿಲ್ಲುವುದಿಲ್ಲ. ಹೆಂಡತಿ ಮಕ್ಕಳ ತಲೆಯ ಮೇಲಿನ ಸೂರು ಹೋಗುತ್ತದೆ, ಮಾಣಿಕಮ್ಮನದೂ ಹೋಗುತ್ತದೆ. ಮಡಿವಾಳಯ್ಯ ಮಜ್ಜಿಗೆ ಕುಡಿಯುತ್ತ ಕೂತಿರುತ್ತಾನೆ, ಸುಮ್ಮನೆ ಕೂರುವುದು ಗುನ್ಹಾ ಅಲ್ಲವಲ್ಲ. ಹೇಳದಿದ್ದರೆ ಆಕೆ ದಿನಾ ಬಸ್ಸಿನ ಹಾದಿ ನೋಡುತ್ತಾಳೆ. ಕೈಯಲ್ಲಿ ಸೀಸದ ಗುಂಡು ಹಿಡಿದು ಕೂತ ನನಗೆ ಎತ್ತ ಹೊರಳಿದರೂ ದಾರಿ ಕಾಣಲಿಲ್ಲ.

"ಕಲ್ಲ ಮುಚ್ಚ್ರಿ ಸಾಹೇಬ್ರ," ಎಂದ ದೇವೀಂದ್ರಪ್ಪ ಮೆಲ್ಲಗೆ. "ತಂಗಿ ಬರಾಕತ್ತಾಳ."

ನಾನು ತಲೆ ಎತ್ತಿದೆ. ಬೇಲಿಯ ಸಂದಿನಲ್ಲಿ ಮಾಣಿಕಮ್ಮ ಒಳಗೆ ಬಂದಿದ್ದಳು. ಒಂದು ಕೈಯಲ್ಲಿ ಚಹಾದ ಕಿಟ್ಲಿ, ಇನ್ನೊಂದರಲ್ಲಿ ಲೋಟಗಳು. ಅವಳ ಹಿಂದೆ, ಬೇಲಿಯ ಆಚೆ, ಕಾಲನಿಯ ಜನ ಒಬ್ಬೊಬ್ಬರಾಗಿ ಬಂದು ನಿಂತಿದ್ದರು. ಯಾರೂ ಒಳಗೆ ಕಾಲಿಡಲಿಲ್ಲ. ಎಲ್ಲರ ಮುಂದೆ ಮಜೀದಸಾಬರು, ಕೊರಳಲ್ಲಿ ಇನ್ನೂ ಅಳತೆ ಟೇಪು.

"ಅಲ್ಲೂ ನಮ್ಮ ಇದ್ದಲಿ ಸಿಕ್ತೇನ್ರಿ ಅಣ್ಣೋರೆ?" ಎಂದು ಆಕೆ ದೂರದಿಂದಲೇ ಕೇಳಿದಳು. "ನಮ್ಮವ್ರ ಜಾಗ ಅಲ್ಲೀತನಕ ಅದೇನು?"

ನಾನು ಕಲ್ಲನ್ನು ತಗ್ಗಿನ ಮೇಲೆ ಎಳೆದೆ. ಎಳೆದ ಕೈ ಅದರ ಮೇಲೆಯೇ ಉಳಿಯಿತು.

ಹಾದಿ ಬಲಕ್ಕೆ ಡೊಂಕಾಗುವಲ್ಲಿಗೆ ಆಕೆ ಬಂದಳು. ಕಾಲನಿಯಲ್ಲಿ ಎಲ್ಲರೂ ಸುತ್ತಿ ಹಾಯುತ್ತಿದ್ದ ಆ ಜಾಗದಲ್ಲಿ ಮಾಣಿಕಮ್ಮ ಸುತ್ತಲಿಲ್ಲ. ಚಹಾ ಚೆಲ್ಲದಂತೆ ಕಿಟ್ಲಿಯನ್ನು ಎತ್ತಿ ಹಿಡಿದು, ಹುಲ್ಲಿನ ಮೇಲೆ ನೇರ ನಡೆದು ಬಂದಳು.